“ಕರೆ ಬಂತಾ?” ಎಂಬ ತಪ್ಪು ಪ್ರಶ್ನೆ

ಹೋದ ತಿಂಗಳು ಒಂದು ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಒಬ್ಬ ಹುಡುಗಿ ಬಂದಳು. ಬೆಟಗೇರಿಯವಳು, ಹುಬ್ಬಳ್ಳಿಯಲ್ಲಿ ಬಿ.ಇ. ಕೊನೆಯ ಸೆಮಿಸ್ಟರ್ ಓದುತ್ತಿದ್ದಾಳೆ, ಅಪ್ಪ ಟೇಲರ್. ನೀರು ಕುಡಿದು, ಚೀಲದಿಂದ ಇನ್ನೂರು ಪುಟದ ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಟಳು. ಪುಟದ ನಟ್ಟನಡುವೆ ಸ್ಕೇಲಿಟ್ಟು ಗೆರೆ ಎಳೆದಿದ್ದಳು. ಎಡಗಡೆ ನೌಕರಿ: ಬೆಂಗಳೂರಿನ ಕಂಪನಿ ಹೇಳಿರುವ ಸಂಬಳ, ಪಿಜಿ ಬಾಡಿಗೆ, ಎಜುಕೇಶನ್ ಲೋನಿನ ಕಂತು, ತಮ್ಮನ ಪಿಯುಸಿ ಫೀಸು, ಎಲ್ಲ ಅಂಕಿ ಸಮೇತ. ಬಲಗಡೆ ‘ಸೇವೆ’ ಎಂಬ ತಲೆಬರಹ, ಅದರ ಕೆಳಗೆ ಖಾಲಿ. ಬರೆದು ಬರೆದು ಅಳಿಸಿದ ಗುರುತು ಮಾತ್ರ ಇತ್ತು. ಕಾಗದ ಅಲ್ಲಿ ತೆಳ್ಳಗಾಗಿತ್ತು.

ನಡೆದದ್ದು ಇಷ್ಟು. ದಸರಾ ರಜೆಯಲ್ಲಿ ಅವಳು ಕ್ರೈಸ್ತ ವಿದ್ಯಾರ್ಥಿಗಳ ಒಂದು ಕ್ಯಾಂಪಿಗೆ ಹೋಗಿದ್ದಳು. ಕೊನೆಯ ರಾತ್ರಿ ಪ್ರಸಂಗ ಮುಗಿಸಿದ ಬೋಧಕರು, ಕಾಲೇಜು ಮುಗಿದ ಕೂಡಲೇ ಎರಡು ವರ್ಷ ವಿದ್ಯಾರ್ಥಿಗಳ ನಡುವೆ ಸುವಾರ್ತೆ ಸೇವೆಗೆ ಕೊಡುವವರು ಎದ್ದು ನಿಲ್ಲಿರಿ ಎಂದರು. ಕೀಬೋರ್ಡ್ ಮೆಲ್ಲಗೆ ನುಡಿಯುತ್ತಿತ್ತು. ಎದ್ದವರಲ್ಲಿ ಇವಳೂ ಒಬ್ಬಳು. ಊರಿಗೆ ಬಂದ ಮೇಲೆ ಕ್ಯಾಂಪಿನ ಮುಖಂಡರು ಫೋನ್ ಮಾಡಿ ಕೇಳಿದ್ದು, ಸಭೆಯ ಅಯ್ಯನವರು ಕೇಳಿದ್ದು, ಅವ್ವ ಕೇಳಿದ್ದು, ಕ್ರಿಸ್‌ಮಸ್ ಬಿಟ್ಟರೆ ಚರ್ಚಿನ ಕಡೆ ತಲೆ ಹಾಕದ ದೊಡ್ಡಪ್ಪ ಕೇಳಿದ್ದು ಒಂದೇ ಪ್ರಶ್ನೆ: ನಿನಗೆ ದೇವರ ಕರೆ ಬಂದಿದೆಯಾ?

“ನನಗೇನೂ ಕೇಳಿಸ್ಲೇ ಇಲ್ರಿ ಅಂಕಲ್,” ಅಂದಳು. “ಬಾಜು ನಿಂತಾಕಿ ಅಳಾಕತ್ತಿದ್ಲು. ನನಗ ಅಳೂನೂ ಬರಲಿಲ್ಲ. ಹಾಸ್ಟೆಲಿನ್ಯಾಗ ಮೂರು ವರ್ಷದಿಂದ ನಾವು ಐದು ಮಂದಿ ಕೂಡಿ ಸತ್ಯವೇದ ಓದ್ತೀವಿ. ಇಂಥಾದ್ದು ಬ್ಯಾರೆ ಹಾಸ್ಟೆಲಿನ್ಯಾಗೂ ಆಗಬೇಕು ಅನ್ನಿಸ್ತು, ಎದ್ದು ನಿಂತೆ. ಇದು ಕರೆ ಹೌದೋ ಅಲ್ಲೋ ತಿಳೀವಲ್ದು.”

ನಾನು ಬರೆಯುತ್ತಿರುವುದು ಆ ಪ್ರಶ್ನೆಯ ವಿರುದ್ಧ. ನಮ್ಮ ಸಭೆಗಳಲ್ಲಿ, ವಿದ್ಯಾರ್ಥಿ ಕೂಟಗಳಲ್ಲಿ, ಸೇವೆಗೆ ಹೋಗುವುದೋ ಬಿಡುವುದೋ ಎಂಬ ಮಾತು ಬಂದಾಗಲೆಲ್ಲ ಇದೊಂದೇ ಅಳತೆಗೋಲು. ಎದೆಯೊಳಗೆ ದೇವರ ದನಿ ಕೇಳಿಸಿತೋ, ಹೋಗು. ಕೇಳಿಸಲಿಲ್ಲವೋ, ಕೆಲಸಕ್ಕೆ ಸೇರು. ಈ ಅಳತೆಗೋಲನ್ನು ಹಿಡಿದವರು ಕೆಟ್ಟವರಲ್ಲ. ಸೇವೆಯನ್ನು ಯಾರೂ ಹೊಟ್ಟೆಪಾಡಿನ ದಾರಿ ಮಾಡಿಕೊಳ್ಳಬಾರದು, ಕಷ್ಟ ಬಂದಾಗ ಹುಡುಗರಿಗೆ ಹಿಡಿದುಕೊಳ್ಳಲು ಏನಾದರೂ ಇರಬೇಕು ಎಂಬ ಕಾಳಜಿ ಅದರ ಹಿಂದಿದೆ. ಆದರೂ ಇದು ತಪ್ಪು. ಸತ್ಯವೇದದಲ್ಲಿ ಇದಕ್ಕೆ ಗಟ್ಟಿ ಆಧಾರವಿಲ್ಲ, ಮತ್ತು ಇದು ನಮ್ಮ ಮಕ್ಕಳನ್ನು ಒಳಗಿಂದೊಳಗೇ ಮುರಿಯುತ್ತಿದೆ.

ಕರೆಯ ಬಗ್ಗೆ ಪ್ರಸಂಗ ಮಾಡುವವರೆಲ್ಲ ಮೊದಲು ತೆಗೆಯುವುದು ಬಾಲಕ ಸಮುವೇಲನ ಕತೆಯನ್ನು. ನಾನು ಚಿಕ್ಕವನಿದ್ದಾಗಿನಿಂದ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ರಾತ್ರಿ ದೇವರು ಹೆಸರು ಹಿಡಿದು ಕರೆದರು, ಹುಡುಗ ಎದ್ದ, ನೀನೂ ಏಳು. ಆದರೆ ಕತೆಯನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ಆ ಹುಡುಗನಿಗೆ ದನಿ ಕೇಳಿಸಿತು, ಯಾರ ದನಿ ಎಂದು ಮಾತ್ರ ಗೊತ್ತಾಗಲಿಲ್ಲ. ಮೂರು ಸಲವೂ ಎದ್ದು ಏಲಿಯ ಹತ್ತಿರ ಓಡಿದ. ಕೊನೆಗೆ ಇದು ದೇವರು ಎಂದು ಗುರುತಿಸಿದ್ದು ಕಣ್ಣು ಮಬ್ಬಾದ ಆ ಮುದುಕ, ಅದೂ ತನ್ನ ಮನೆಯನ್ನೇ ನೆಟ್ಟಗೆ ಇಟ್ಟುಕೊಳ್ಳದ ಯಾಜಕ. ಸಮುವೇಲನ ಕಿವಿಯೊಂದನ್ನೇ ನಂಬಿದ್ದರೆ ಅವನು ಬೆಳಗಿನವರೆಗೂ ಓಡಾಡುತ್ತಲೇ ಇರುತ್ತಿದ್ದ.

ತಿಮೊಥೆಯನನ್ನು ನೋಡಿ. ಪೌಲನ ಜೊತೆ ಹೊರಟಾಗ ಅವನಿನ್ನೂ ಯುವಕ. ನಮ್ಮ ಕಾಲೇಜು ಹುಡುಗರಿಗೆ ಅವನಿಗಿಂತ ಹತ್ತಿರದ ಉದಾಹರಣೆ ಸಿಗಲಾರದು. ಅವನಿಗೆ ಏನು ಕೇಳಿಸಿತು ಎಂದು ಅಪೊಸ್ತಲರ ಕೃತ್ಯಗಳು ಹೇಳುವುದೇ ಇಲ್ಲ. ಲುಸ್ತ್ರದ ಮತ್ತು ಇಕೋನ್ಯದ ಸಹೋದರರು ಅವನ ಬಗ್ಗೆ ಒಳ್ಳೆಯ ಮಾತಾಡುತ್ತಿದ್ದರು, ಪೌಲನಿಗೆ ಅವನು ಬೇಕಾಗಿದ್ದ, ಅಷ್ಟೇ ಹೇಳುತ್ತದೆ. ಎರಡು ಊರಿನ ಜನ, ಅವನ ಬಾಲ್ಯ ಕಂಡವರು, ತಾಯಿ ಅಜ್ಜಿಯರನ್ನು ಬಲ್ಲವರು. ಅವನ ಮೇಲೆ ಪ್ರವಾದನೆಯ ಮಾತು ಬಂದಿತ್ತಲ್ಲ ಎಂದು ತಿಳಿದವರು ಎದುರು ಕೇಳಬಹುದು. ಬಂದಿತ್ತು. ಬಂದದ್ದು ಹಿರಿಯರು ತಲೆಯ ಮೇಲೆ ಕೈಯಿಟ್ಟಾಗ, ಸಭೆಯ ನಡುವೆ. ಅಂತಿಯೋಕ್ಯದಿಂದ ಬಾರ್ನಬ ಮತ್ತು ಸೌಲ ಹೊರಟದ್ದೂ ಹಾಗೇ, ಉಪವಾಸವಿದ್ದು ಪ್ರಾರ್ಥಿಸುತ್ತಿದ್ದ ಗುಂಪಿನ ನಡುವಿಂದ. ಪೌಲನಿಗೆ ದಮಸ್ಕದ ದಾರಿಯಲ್ಲಿ ಬೆಳಕು ಹೊಡೆದದ್ದು ನಿಜ. ಆದರೆ ಅವನು ಆ ಬೆಳಕನ್ನು ಹುಡುಕಿಕೊಂಡು ಹೊರಟಿರಲಿಲ್ಲ. ಒಬ್ಬನಿಗಾದ ಅಸಾಧಾರಣವನ್ನು ಎಲ್ಲರಿಗೂ ಪ್ರವೇಶ ಪರೀಕ್ಷೆ ಮಾಡಿದವರು ನಾವು.

ಈ ಪರೀಕ್ಷೆ ಏನು ಮಾಡುತ್ತದೆ ಎಂಬುದು ನನಗೆ ಓದಿ ಗೊತ್ತಾದದ್ದಲ್ಲ. ಎಂ.ಎಸ್‌ಸಿ. ಮುಗಿಸಿ ನಾನು ನಾಲ್ಕು ವರ್ಷ ಕ್ಯಾಂಪಸ್ ಸೇವೆಯಲ್ಲಿದ್ದೆ. ಹೋಗಲು ಕಾರಣ ಬಹಳ ಸರಳವಾಗಿತ್ತು. ಧಾರವಾಡದ ಹಾಸ್ಟೆಲಿನಲ್ಲಿ ನಾನು ಹುಡುಗರ ಜೊತೆ ಕೂತು ಓದುತ್ತಿದ್ದೆ, ಅದು ನನಗೆ ಬರುತ್ತಿತ್ತು, ಇಬ್ಬರು ಹಿರಿಯರು ಅದನ್ನು ನೋಡಿ ಬಾ ಎಂದರು. ನನ್ನನ್ನು ತೆಗೆದುಕೊಳ್ಳುವ ಮುನ್ನ ಸಂದರ್ಶನದಲ್ಲಿ, ಕರೆಯ ಅನುಭವ ಹೇಳಿ ಎಂದರು. ನಾನು ಇದ್ದದ್ದನ್ನು ಹೇಳಿದೆ. ಅವರ ಮುಖ ಅರಳಲಿಲ್ಲ. ಒಬ್ಬರು ಮೆಲ್ಲಗೆ, ದೇವರು ಯಾವುದಾದರೂ ವಾಕ್ಯ ಕೊಟ್ಟರಾ ಎಂದರು. ಹಿಂದಿನ ವಾರ ಉಪವಾಸದ ದಿನ ಯೆಶಾಯನ ಪುಸ್ತಕ ಓದಿದ್ದೆ. ಆ ವಾಕ್ಯ ಓದುವಾಗ ಮೈ ನಡುಗಿತು ಎಂದೆ. ಮೈ ನಡುಗಿರಲಿಲ್ಲ. ಆಮೇಲೆ ಊರೂರಿನ ಸಭೆಗಳಲ್ಲಿ ಸಾಕ್ಷಿ ಹೇಳುವಾಗ ಆ ನಡುಕ ಬೆಳೆಯುತ್ತಾ ಹೋಯಿತು. ಎರಡನೆಯ ವರ್ಷದ ಹೊತ್ತಿಗೆ ಅದರಲ್ಲಿ ಕಣ್ಣೀರೂ ಸೇರಿತ್ತು, ನಸುಕಿನ ಮೂರು ಗಂಟೆಯೂ ಸೇರಿತ್ತು. ಸುಳ್ಳು ಹೇಳಬಾರದು ಎಂದು ಹುಡುಗರಿಗೆ ಕಲಿಸಲು ಹೊರಟವನು ನಾನು. ಈ ಪಾಪಕ್ಕೆ ನಾನೇ ಹೊಣೆ, ದೇವರ ಮುಂದೆ ಒಪ್ಪಿಕೊಂಡಿದ್ದೇನೆ. ಆದರೆ ಆ ಪ್ರಶ್ನೆ ನನ್ನಿಂದ ಏನನ್ನು ಬಯಸಿತ್ತು ಎಂಬುದನ್ನೂ ಹೇಳಲೇಬೇಕು. ನನ್ನಂತೆ ಇದ್ದದ್ದನ್ನು ಹೇಳಿ ನಿರಾಸೆ ಮಾಡಿದವರು, ಆಮೇಲೆ ಇಲ್ಲದ್ದನ್ನು ಸೇರಿಸಿದವರು, ನನಗೆ ಗೊತ್ತಿರುವವರೇ ಕೈಬೆರಳೆಣಿಕೆ ಮೀರಿದ್ದಾರೆ.

ಎದೆಯ ನಡುಕವನ್ನು ದೇವರ ಮಾತು ಎಂದು ತಿಳಿಯುವ ಅಪಾಯವನ್ನು ನಮಗಿಂತ ಮೊದಲು ಕಂಡವರು ಮಾರ್ಟಿನ್ ಲೂಥರ್. 1505ರ ಜುಲೈ 2ರಂದು, ಆಗಷ್ಟೇ ಎಂ.ಎ. ಮುಗಿಸಿ ಕಾನೂನು ಓದಲು ಸೇರಿದ್ದ ಆ ತರುಣ ಊರಿನಿಂದ ಎರ್ಫುರ್ಟಿಗೆ ಮರಳುತ್ತಿದ್ದ. ಸ್ಟೊಟರ್ನ್‌ಹೈಮ್ ಹತ್ತಿರ ಸಿಡಿಲು ಬಡಿಯಿತು. ಜೀವಭಯದಲ್ಲಿ ಸನ್ಯಾಸಿಯಾಗುತ್ತೇನೆ ಎಂದು ಹರಕೆ ಹೊತ್ತ, ಎರಡು ವಾರದಲ್ಲಿ ಮಠ ಸೇರಿದ. ಮಗ ವಕೀಲನಾಗಲಿ ಎಂದು ಖರ್ಚು ಮಾಡಿದ್ದ ಅಪ್ಪ ಹಾನ್ಸ್ ಕೆಂಡವಾದ. ಮಗನ ಮೊದಲ ಪೂಜೆಗೆ ಬಂದಾಗ, ಆ ಸಿಡಿಲಿನಲ್ಲಿ ಕಂಡದ್ದು ಸೈತಾನನ ಮಾಯೆ ಆಗಿರದಿದ್ದರೆ ಸಾಕು ಎಂದ. ಆ ಮಾತು ಲೂಥರನ ಎದೆಯಲ್ಲಿ ಮುಳ್ಳಾಗಿ ಉಳಿಯಿತು. 1521ರಲ್ಲಿ ಸನ್ಯಾಸದ ಹರಕೆಗಳ ಬಗ್ಗೆ ಪುಸ್ತಕ ಬರೆದಾಗ ಅದನ್ನು ಅಪ್ಪನಿಗೇ ಅರ್ಪಿಸಿದ, ತಾನು ಮನಸ್ಸಾರೆ ಅಲ್ಲ, ಸಾವಿನ ಹೆದರಿಕೆಯಲ್ಲಿ ಸಿಕ್ಕಿ ಹರಕೆ ಹೊತ್ತೆ ಎಂದು ಒಪ್ಪಿಕೊಂಡ. ನಮ್ಮ ಪ್ರಾಟೆಸ್ಟೆಂಟ್ ಸಭೆಗಳು ಲೂಥರನ ಹೆಸರು ಹೇಳುತ್ತವೆ, ಕ್ಯಾಂಪಿನ ಕೊನೆಯ ರಾತ್ರಿ ಮಾತ್ರ ಅವನನ್ನು ಮರೆಯುತ್ತವೆ. ಕೀಬೋರ್ಡಿನ ನಾದ ಸಿಡಿಲಿಗಿಂತ ಇಂಪಾಗಿರುತ್ತದೆ. ಇಪ್ಪತ್ತೊಂದರ ಪ್ರಾಯದವರ ಮೇಲೆ ಮಾಡುವ ಕೆಲಸ ಒಂದೇ.

ಕ್ಯಾಂಪಿನಲ್ಲಿ ಎದ್ದು ನಿಲ್ಲಿಸುವ ಈ ಪದ್ಧತಿಗೂ ಒಂದು ಪೂರ್ವಚರಿತ್ರೆ ಇದೆ. 1886ರ ಬೇಸಿಗೆಯಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಮೌಂಟ್ ಹರ್ಮನ್‌ನಲ್ಲಿ ಸುವಾರ್ತಿಕ ಡಿ.ಎಲ್. ಮೂಡಿಯವರ ಆಸರೆಯಲ್ಲಿ 251 ವಿದ್ಯಾರ್ಥಿಗಳು ತಿಂಗಳ ಕಾಲ ಸೇರಿದ್ದರು. ಮುಗಿಯುವ ಹೊತ್ತಿಗೆ ನೂರು ಮಂದಿ ಹೊರದೇಶದ ಮಿಷನರಿಗಳಾಗಲು ಸಿದ್ಧ ಎಂದು ಸಹಿ ಹಾಕಿದ್ದರು. ಅದರ ಹಿಂದೆ ಓಡಾಡಿದ ಹುಡುಗ ರಾಬರ್ಟ್ ವೈಲ್ಡರ್ ಹುಟ್ಟಿದ್ದು ನಮ್ಮ ಬೆಳಗಾವಿಯ ಪಕ್ಕದ ಕೊಲ್ಹಾಪುರದಲ್ಲಿ, ಮಿಷನರಿ ದಂಪತಿಯ ಮಗನಾಗಿ. ಅಲ್ಲಿಂದ ಬೆಳೆದ ವಿದ್ಯಾರ್ಥಿ ಸ್ವಯಂಸೇವಕ ಚಳವಳಿ ಸಾವಿರಾರು ಪದವೀಧರರನ್ನು ಹೊರದೇಶಗಳಿಗೆ ಕಳಿಸಿತು. ಆದರೆ ಸಹಿ ಹಾಕಿದವರಲ್ಲಿ ಹಡಗು ಹತ್ತಿದವರು ಒಂದು ಪಾಲು ಮಾತ್ರ. ಉಳಿದವರು ಆ ಚೀಟಿಯನ್ನು ಎದೆಯಲ್ಲಿಟ್ಟುಕೊಂಡು ಏನು ಮಾಡಿದರು ಎಂದು ಇತಿಹಾಸದ ಪುಸ್ತಕಗಳು ಹೆಚ್ಚು ಕೇಳಿಲ್ಲ. ಒಂದು ಮಾತನ್ನು ಆ ಚಳವಳಿಯ ಪರವಾಗಿ ಹೇಳಬೇಕು. ಅದರ ಮುಂದಾಳುಗಳಲ್ಲಿ ಒಬ್ಬನಾದ ರಾಬರ್ಟ್ ಸ್ಪೀರ್, ವಕೀಲನಾಗಲು ವ್ಯಾಪಾರಿಯಾಗಲು ಯಾರೂ ಆಕಾಶದ ದನಿಗೆ ಕಾಯುವುದಿಲ್ಲ, ಮಿಷನರಿಯಾಗಲು ಮಾತ್ರ ಏಕೆ ಕಾಯಬೇಕು ಎಂದು ಆಗಲೇ ವಾದಿಸಿದ್ದ. ಸಹಿಯ ಪದ್ಧತಿ ನಮ್ಮವರೆಗೆ ಬಂತು, ಈ ವಾದ ಬರಲಿಲ್ಲ.

ದೂರದ ಮಾತು ಸಾಕು. ಕನ್ನಡ ಓದುವ ಎಲ್ಲರಿಗೂ ಗೊತ್ತಿರುವ ಫರ್ಡಿನಾಂಡ್ ಕಿಟ್ಟೆಲ್ ಅವರನ್ನೇ ತೆಗೆದುಕೊಳ್ಳಿ. 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಷನ್, ರೈತರ ಕುಶಲಕರ್ಮಿಗಳ ಮಕ್ಕಳನ್ನು ಬಾಸೆಲ್‌ನಲ್ಲಿ ವರ್ಷಗಟ್ಟಲೆ ಇಟ್ಟುಕೊಂಡು ಓದಿಸಿ, ದುಡಿಸಿ, ಗಮನಿಸಿ, ಆಮೇಲೆ ಎಲ್ಲಿಗೆ ಕಳಿಸಬೇಕೆಂದು ಸಮಿತಿಯಲ್ಲಿ ಕೂತು ತೀರ್ಮಾನಿಸುತ್ತಿತ್ತು. ಆ ಸಮಿತಿಯ ಬಿಗಿ ಅತಿಯಾಗಿತ್ತು ಎಂದು ನನಗೂ ಅನ್ನಿಸಿದೆ, ಅದನ್ನೇ ಮತ್ತೆ ತನ್ನಿ ಎನ್ನುತ್ತಿಲ್ಲ. ಆದರೆ ಒಬ್ಬ ತರುಣನ ಬದುಕನ್ನು ಒಂದು ರಾತ್ರಿಯ ಭಾವಕ್ಕೆ ಅವರು ಬಿಟ್ಟುಕೊಡಲಿಲ್ಲ. ಆ ಮಿಷನ್ ಕಳಿಸಿ 1853ರಲ್ಲಿ ಇಲ್ಲಿಗೆ ಬಂದ ಕಿಟ್ಟೆಲ್‌ಗೆ ಅವರ ಹೆಸರು ನಿಲ್ಲಿಸಿದ ಕೆಲಸ ಏನೆಂದು ಆಗ ಯಾರೂ ಹೇಳಿರಲಿಲ್ಲ. ಜನರ ಜೊತೆ ಕೂತು, ಅವರ ಮಾತು ಕೇಳುತ್ತಾ, ತಪ್ಪುತ್ತಾ ತಿದ್ದುತ್ತಾ ಆ ಕೆಲಸ ಬೆಳೆಯಿತು. ನಿಘಂಟು ಅಚ್ಚಾದದ್ದು 1894ರಲ್ಲಿ. ಆ ನಲವತ್ತೊಂದು ವರ್ಷದ ದುಡಿಮೆಯಲ್ಲೇ ಅವರ ಕರೆ ಇತ್ತು. ಇಪ್ಪತ್ತೊಂದರ ಪ್ರಾಯದಲ್ಲಿ ಎದೆ ತಡಕಿದ್ದರೆ ಅಲ್ಲಿ ನಿಘಂಟು ಸಿಗುತ್ತಿರಲಿಲ್ಲ.

ಈಗ ನನಗೆ ಬಹಳ ನೋವಿರುವ ಮಾತಿಗೆ ಬರುತ್ತೇನೆ. ನನ್ನ ಜೊತೆಗೇ ಸೇವೆಗೆ ಬಂದ ಒಬ್ಬ ಗೆಳೆಯ ಎರಡು ವರ್ಷಕ್ಕೆ ಸೋತ. ಟೈಫಾಯ್ಡ್ ಬಂದು ಬಾಡಿಗೆ ಕೋಣೆಯಲ್ಲಿ ಒಬ್ಬನೇ ಹನ್ನೆರಡು ದಿನ ಮಲಗಿದ್ದ. ಕಳಿಸಿದವರು ಫೋನಿನಲ್ಲಿ ಪ್ರಾರ್ಥನೆ ಮಾಡಿದರು, ಬರಲಿಲ್ಲ. ಮೂರು ತಿಂಗಳ ಭತ್ಯೆಯೂ ಬಂದಿರಲಿಲ್ಲ. ಅವನು ಮನೆಗೆ ಹೊರಟಾಗ ಅವರು ಹೇಳಿದ್ದು, ಬಹುಶಃ ನಿನಗೆ ಕರೆ ಇರಲಿಲ್ಲ ತಮ್ಮಾ. ಅವನು ಬ್ಯಾಂಕ್ ಪರೀಕ್ಷೆ ಬರೆದು ಕೆಲಸ ಹಿಡಿದ, ಮದುವೆಯಾದ, ಮಕ್ಕಳಾದವು. ಚರ್ಚಿಗೆ ಬರುತ್ತಾನೆ, ಹಿಂದಿನ ಬೆಂಚಿನಲ್ಲಿ ಕೂರುತ್ತಾನೆ. ಕರ್ತನ ಭೋಜನದ ಹೊತ್ತಿಗೆ ಎದ್ದು ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ನಿಲ್ಲುತ್ತಾನೆ. ದೇವರಿಗೆ ಕೊಟ್ಟ ಮಾತು ಮುರಿದವನು ಆ ರೊಟ್ಟಿ ಮುಟ್ಟಬಾರದು ಎಂದು ಅವನ ನಂಬಿಕೆ. ಇಪ್ಪತ್ತೆರಡು ವರ್ಷವಾಯಿತು.

ಕರೆ ಎಂಬ ಮಾತು ಯಾರಿಗೆ ಅನುಕೂಲ ಎಂದು ಇಲ್ಲಿ ಕಾಣುತ್ತದೆ. ಹುಡುಗ ನಿಂತರೆ ಕರೆ ನಿಜವಿತ್ತು, ಬಿದ್ದರೆ ಕರೆಯೇ ಇರಲಿಲ್ಲ. ಎರಡರಲ್ಲೂ ಕಳಿಸಿದವರ ಲೆಕ್ಕ ಯಾರೂ ಕೇಳುವುದಿಲ್ಲ. ಭತ್ಯೆ ಹೊತ್ತಿಗೆ ಕೊಟ್ಟಿರಾ? ತಿಂಗಳಿಗೊಮ್ಮೆ ಹೋಗಿ ನೋಡಿದಿರಾ? ಜ್ವರ ಬಂದಾಗ ಗಂಜಿ ಕಾಯಿಸಿದವರು ಯಾರು? ಕರೆ ಎಂಬುದು ಹುಡುಗನ ಮತ್ತು ದೇವರ ನಡುವಿನ ಗುಟ್ಟು ಎಂದಾದ ಕೂಡಲೇ ನಮ್ಮ ಕೈ ಚೊಕ್ಕ. ನಾವೇ ಆರಿಸಿ ಕಳಿಸಿದ್ದೇವೆ ಎಂದು ಒಪ್ಪಿಕೊಂಡಿದ್ದರೆ ಅವನ ಜ್ವರ ನಮ್ಮದಾಗುತ್ತಿತ್ತು.

ಇದೇ ಅಳತೆಗೋಲು ಹೋಗದೆ ಉಳಿದವರನ್ನೂ ಕುಗ್ಗಿಸುತ್ತದೆ. ಕರೆ ಬಂದವರು ಮೇಲಿನ ಸಾಲು, ಕೆಲಸಕ್ಕೆ ಹೋದವರು ಕಾಣಿಕೆ ಹಾಕುವ ಸಾಲು. ಆದರೆ ಪೌಲನೇ ಕೊರಿಂಥದಲ್ಲಿ ಅಕ್ವಿಲ ಪ್ರಿಸ್ಕಿಲ್ಲರ ಮನೆಯಲ್ಲಿದ್ದು ಅವರ ಜೊತೆ ಗುಡಾರ ಹೊಲಿಯುತ್ತಿದ್ದ. ಭಾರತದ ವಿದ್ಯಾರ್ಥಿಗಳ ನಡುವೆ 1954ರಲ್ಲಿ ಯುಇಎಸ್‌ಐ ಎಂಬ ಕ್ರೈಸ್ತ ವಿದ್ಯಾರ್ಥಿ ಸಂಘಟನೆ ಶುರುವಾದಾಗ ಅದರ ಮುಂಚೂಣಿಯಲ್ಲಿದ್ದ ಎಚ್. ಎನೋಕ್ ಮದರಾಸಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಪ್ರಾಧ್ಯಾಪಕರು. ಹಾಸ್ಟೆಲಿನ ಹುಡುಗನಿಗೆ ಇಂಥ ಒಬ್ಬ ಮೇಷ್ಟ್ರು ಸಿಕ್ಕರೆ ಅದು ಸೇವೆಯಲ್ಲ ಎನ್ನಲು ನಮಗೆ ಬಾಯಿ ಹೇಗೆ ಬರುತ್ತದೆ?

ಮನೆಯವರೂ ಈ ಪ್ರಶ್ನೆಯನ್ನು ಬಳಸುತ್ತಾರೆ, ಬೇರೆ ಕೆಲಸಕ್ಕೆ. ಬೆಟಗೇರಿಯ ಆ ತಾಯಿ, ನಿಜವಾದ ಕರೆ ಇದ್ದರೆ ಗುರುತು ತೋರಿಸು ಎಂದು ಮಗಳನ್ನು ಕೇಳಿದ್ದಾಳೆ. ಅವಳ ಮನಸ್ಸಿನಲ್ಲಿರುವುದು ಗುರುತಲ್ಲ, ಸಾಲ. ಕೋರ್ಸ್ ಮುಗಿದು ಸಾಮಾನ್ಯವಾಗಿ ಒಂದು ವರ್ಷಕ್ಕೆ ಕಂತು ಶುರುವಾಗುತ್ತದೆ, ಗಂಡನ ಹೊಲಿಗೆ ಮಶಿನ್ ಅದನ್ನು ತುಂಬಲಾರದು. ಇದು ನಾಚಿಕೊಳ್ಳುವ ಮಾತೇ ಅಲ್ಲ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಹಾಕಬೇಕು ಎಂದು ಹೇಳಿದವರು ಯೇಸುವೇ. ಆದರೆ ಕರೆಯ ಭಾಷೆ ಎಷ್ಟು ಪವಿತ್ರವಾಗಿ ಕೂತಿದೆಯೆಂದರೆ, ಅದರ ಮುಂದೆ ಒಬ್ಬ ತಾಯಿಗೆ ದುಡ್ಡಿನ ಮಾತು ಎತ್ತಲು ಧೈರ್ಯವಿಲ್ಲ. ತಾಯಿ ಗುರುತು ಕೇಳುತ್ತಾಳೆ, ಮಗಳು ಗುರುತು ಹುಡುಕುತ್ತಾಳೆ, ಹೊಸ ವರ್ಷದ ವಾಗ್ದಾನದ ಚೀಟಿಯನ್ನು ತಿರುಗಿಸಿ ತಿರುಗಿಸಿ ಓದುತ್ತಾಳೆ. ಇಬ್ಬರೂ ಮಾತಾಡಬೇಕಾದ್ದು ಮಾತ್ರ ಹಾಗೇ ಉಳಿಯುತ್ತದೆ.

ಕರೆಯಿಲ್ಲದೆ ಹೋದವನು ಕಷ್ಟದಲ್ಲಿ ನಿಲ್ಲಲಾರ ಎಂಬುದು ಈ ಅಭಿಪ್ರಾಯದವರ ಕೊನೆಯ ವಾದ. ನಾನು ನಿಂತೆ, ಮತ್ತು ನನ್ನನ್ನು ನಿಲ್ಲಿಸಿದ್ದು ಆ ಕಟ್ಟಿದ ನಡುಕವಲ್ಲ. ಎರಡನೆಯ ವರ್ಷ ಮಳೆಗಾಲದಲ್ಲಿ ಬಿಟ್ಟುಬಿಡುತ್ತೇನೆ ಎಂದು ಟ್ರಂಕು ಕಟ್ಟಿದ್ದೆ. ಆ ಸಂಜೆ ಧಾರವಾಡದಿಂದ ಆ ಇಬ್ಬರು ಹಿರಿಯರಲ್ಲಿ ಒಬ್ಬರು ಬಸ್ಸು ಹತ್ತಿ ಬಂದರು. ನೆನೆದ ಕೊಡೆಯನ್ನು ಬಾಗಿಲ ಹಿಂದಿಟ್ಟು, ಡಬ್ಬಿಯಲ್ಲಿ ತಂದಿದ್ದ ಜೋಳದ ರೊಟ್ಟಿ, ಎಣ್ಣೆಗಾಯಿ ತೆಗೆದರು. ನಿನ್ನನ್ನು ಕಳಿಸಿದ್ದು ನಾವು, ನಿನಗೆ ಆಗದಿದ್ದರೆ ಕರೆದುಕೊಂಡು ಹೋಗಲಿಕ್ಕೂ ನಾವೇ ಬರಬೇಕು, ಅದಕ್ಕೇ ಬಂದೆ ಎಂದರು. ಮರುದಿನ ನಾನು ಟ್ರಂಕು ಬಿಚ್ಚಿದೆ. ಗೆಳೆಯನ ಕೋಣೆಗೆ ಹಾಗೆ ಒಬ್ಬರು ಬಸ್ಸು ಹತ್ತಿ ಹೋಗಿದ್ದರೆ ಎಂದು ಈಗಲೂ ಅನ್ನಿಸುತ್ತದೆ.

ಹುಡುಗಿಗೆ ನಾನು ಕೇಳಿದ ಪ್ರಶ್ನೆಗಳು ಬೇರೆ. ಆ ಐವರಲ್ಲಿ ಯಾರಾದರೂ ಬ್ಯಾಕ್‌ಲಾಗ್ ಆಗಿ ಅಳುತ್ತಿದ್ದಾಗ ನೀನು ಜೊತೆಗೆ ಕೂತಿದ್ದೀಯಾ? ಕೂತಿದ್ದಾಳೆ, ಎರಡು ಸಲ, ಒಮ್ಮೆ ರಾತ್ರಿಯಿಡೀ. ಅವರಲ್ಲಿ ಕ್ರೈಸ್ತರಲ್ಲದವರು ಇದ್ದಾರಾ? ಒಬ್ಬಳಿದ್ದಾಳೆ, ಅವಳಾಗಿಯೇ ಬರುತ್ತಾಳೆ, ಅವಳ ಅವ್ವನಿಗೂ ಗೊತ್ತು. ಈ ಕೊನೆಯ ಮಾತು ಕೇಳಿ ನನಗೆ ಸಮಾಧಾನವಾಯಿತು. ಸಂವಿಧಾನದ 25ನೇ ವಿಧಿ ಧರ್ಮ ಪ್ರಚಾರದ ಹಕ್ಕು ಕೊಟ್ಟಿದೆ. ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲ ಎಂದು 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2022ರಲ್ಲಿ ನಮ್ಮ ರಾಜ್ಯ ಮತಾಂತರದ ಮೇಲೆ ಕಠಿಣ ಕಾಯ್ದೆಯನ್ನೇ ತಂದಿತು, ಮರುವರ್ಷ ಅದನ್ನು ಹಿಂಪಡೆಯಲು ಹೊಸ ಸರ್ಕಾರದ ಸಂಪುಟ ತೀರ್ಮಾನಿಸಿತು. ಹಾಸ್ಟೆಲಿನ ಕೋಣೆಯಲ್ಲಿ ಸತ್ಯವೇದ ತೆರೆಯುವವಳಿಗೆ ಇದೆಲ್ಲ ಗೊತ್ತಿರಬೇಕು. ಅದಕ್ಕಿಂತ ಹೆಚ್ಚಾಗಿ, ಬೇರೆ ಮನೆಯ ಮಗಳ ಅವ್ವನಿಗೆ ಮುಚ್ಚಿಟ್ಟು ಏನನ್ನೂ ಮಾಡಬಾರದು ಎಂಬ ಹದ ಇರಬೇಕು. ಈ ಹುಡುಗಿಗೆ ಅದು ಇದೆ. ಅವಳಿಗೆ ಕೇಳಿಸದ ದನಿಗಿಂತ ಈ ಹದ ನನಗೆ ಹೆಚ್ಚು ದೇವರ ಕೆಲಸವಾಗಿ ಕಾಣುತ್ತದೆ.

ಅವಳು ಹೋಗಬೇಕೋ ಬೇಡವೋ ನಾನು ಹೇಳಲಿಲ್ಲ, ಹೇಳುವವನು ನಾನೊಬ್ಬನೇ ಅಲ್ಲ. ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಮನೆಯಲ್ಲಿ ಸೇರುತ್ತೇವೆ. ಅಯ್ಯನವರು ಬರುತ್ತಾರೆ. ಅವಳ ಅವ್ವ ಅಪ್ಪ ಬರುತ್ತಾರೆ. ಕ್ಯಾಂಪಿನ ಮುಖಂಡರಿಗೂ ಫೋನ್ ಮಾಡಿ, ಎರಡು ವರ್ಷದ ಭತ್ಯೆ ಎಷ್ಟು, ಎಲ್ಲಿಂದ ಬರುತ್ತದೆ, ಕಾಯಿಲೆಯಾದರೆ ನೋಡುವವರು ಯಾರು ಎಂದು ಬರೆದು ತನ್ನಿ ಎಂದಿದ್ದೇನೆ. ಹಾಸ್ಟೆಲಿನ ಆ ಐವರಲ್ಲಿ ಇಬ್ಬರಾದರೂ ಬರಬೇಕೆಂದು ಹುಡುಗಿಗೆ ಹೇಳಿದ್ದೇನೆ, ಅವಳನ್ನು ದಿನವೂ ನೋಡಿದವರು ಅವರು. ಲೋನಿನ ಪಾಸ್‌ಬುಕ್ ತರುತ್ತಾಳೆ. ಬ್ಯಾಂಕಿನ ನನ್ನ ಗೆಳೆಯನನ್ನೂ ಕರೆದಿದ್ದೇನೆ, ಕಂತಿನ ಲೆಕ್ಕ ನಮ್ಮಲ್ಲಿ ಅವನಿಗೇ ಚೆನ್ನಾಗಿ ಗೊತ್ತು. ನೋಡೋಣ ಅಂದಿದ್ದಾನೆ.